ಶಕ್ತಿ ಸೂಜಿ

ಜಿನಗೊಂಡನ ಕೈಗಳು ಸುಮ್ಮನಿರುತ್ತಿರಲಿಲ್ಲ. ಇಚಲಕರಂಜಿಯಲ್ಲಿ ಡಾಕ್ಟರ್ ಆಬಾಸಾಹೇಬರ ದವಾಖಾನೆಗೆ ಅವನು ಕಂಪೌಂಡರ್ ಆಗಿ ಸೇರಿ ಇಪ್ಪತ್ತು ವರ್ಷ ದಾಟಿತ್ತು. ಬಿಳಿ ಕಾಗದದ ಪಟ್ಟಿ ಮಡಚಿ, ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿ, ಔಷಧದ ಬಾಟಲಿಗೆ ಅಂಟಿಸುವುದು ಅವನ ನಿತ್ಯದ ಕೆಲಸ. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧ. ಅಕ್ಷರ ಬಾರದವರಿಗೂ ಅದು ತಿಳಿಯುತ್ತಿತ್ತು. ಆ ಅಭ್ಯಾಸ ದವಾಖಾನೆಯ ಹೊರಗೂ ಅವನನ್ನು ಬಿಡಲಿಲ್ಲ. ಬಸ್ಸಿನ ಟಿಕೀಟು, ಲಗ್ನಪತ್ರಿಕೆ, ಸಂತೆಯಲ್ಲಿ ಬೆಲ್ಲ ಕಟ್ಟಿಕೊಟ್ಟ ಕಾಗದ, ಏನು ಸಿಕ್ಕರೂ ಮಡಚಿ ಉಗುರಿನಿಂದ ಕಚ್ಚು ಹಾಕುತ್ತಿದ್ದ. ೧೯೬೬ರ ಮಳೆಗಾಲದಲ್ಲಿ ಆ ಚಟ ವಿಪರೀತಕ್ಕೆ ಹೋಯಿತು. ಊರ ಅಂಚಿಗಿದ್ದ ಶಹಾಪುರದ ಮನೆಯಲ್ಲಿ ಹೆಂಡತಿ ಹಾಸಿಗೆ ಸುತ್ತುವಾಗ ಕಾಗದದ ಚೂರುಗಳು ಉದುರುತ್ತಿದ್ದವು. ಮಗ್ಗದ ಲಾಳಿಯಾದರೂ ಕರೆಂಟು ಹೋದಾಗ ನಿಲ್ಲುತ್ತದೆ, ನೀವು ಅದಕ್ಕೂ ನಿಲ್ಲುವುದಿಲ್ಲ ಎಂದು ಆಕೆ ಅಂದಳು.

ಕಾರಣ ಆಕೆಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಜಿನಗೊಂಡನಿಗೆ ಮತ್ತು ಡಾಕ್ಟರಿಗೆ ಮಾತ್ರ.

ಅವನ ಅಕ್ಕ ಚಂಪಾಬಾಯಿ ಆ ವರ್ಷದ ಕಾರ್ತಿಕದಲ್ಲಿ ಮನೆ ಬಿಟ್ಟು ಜೈನ ಸನ್ಯಾಸದ ದೀಕ್ಷೆ ತೆಗೆದುಕೊಳ್ಳುವುದೆಂದು ನಿಶ್ಚಯವಾಗಿತ್ತು. ಹದಿನಾಲ್ಕಕ್ಕೆ ವಿಧವೆಯಾಗಿ ತವರಿಗೆ ಬಂದವಳು ಅವಳು. ತಾಯಿ ಸತ್ತ ಮೇಲೆ ಜಿನಗೊಂಡನನ್ನು ಸಾಕಿದವಳೂ ಅವಳೇ. ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರು ಕುಡಿದವಳಲ್ಲ. ಬಟಾಟೆ, ಉಳ್ಳಾಗಡ್ಡಿ, ಗೆಣಸು ಮುಟ್ಟಿದವಳಲ್ಲ. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಸೋಸಿದ ನೀರಿನಿಂದಲೇ ತೊಳೆದು, ಆ ತೊಳೆದ ನೀರನ್ನು ಸಣ್ಣ ತಂಬಿಗೆಯಲ್ಲಿ ಹಗ್ಗ ಕಟ್ಟಿ ಮತ್ತೆ ಅದೇ ಬಾವಿಗೆ ಇಳಿಸುತ್ತಿದ್ದಳು. ಬಟ್ಟೆಗೆ ಹತ್ತಿದ ಕಣ್ಣಿಗೆ ಕಾಣದ ಜೀವಗಳು ತಮ್ಮ ಊರಿಗೆ ತಿರುಗಿ ಹೋಗಬೇಕು ಎಂದು ಚಿಕ್ಕ ಜಿನಗೊಂಡನಿಗೆ ಹೇಳಿಕೊಡುತ್ತಿದ್ದಳು. ಮೇಲಿನಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ. ತಂಬಿಗೆ ನೀರು ಮುಟ್ಟಿದ ಮೇಲೆಯೇ ಬಗ್ಗಿಸಬೇಕು.

ಅಂಥವಳು ೧೯೫೮ರಲ್ಲಿ ಸಾಯುವ ಹಾಗಾಗಿದ್ದಳು. ಮೈ ಬಿಳಿಚಿತ್ತು. ನಾಲಿಗೆ ಕೆಂಪಾಗಿ ನುಣ್ಣಗಾಗಿತ್ತು. ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕಬ್ಬಿಣದ ಔಷಧ ಹತ್ತಲಿಲ್ಲ. ಒಂದು ದಿನ ಆಬಾಸಾಹೇಬರು ಕಪಾಟಿನಿಂದ ಕಂದು ಸೀಸೆಯೊಂದನ್ನು ತೆಗೆದು ಜಿನಗೊಂಡನ ಮುಂದಿಟ್ಟರು. ಅದರಲ್ಲಿದ್ದದ್ದು ಪ್ರಾಣಿಯ ಯಕೃತ್ತಿನಿಂದ ತೆಗೆದ ಸತ್ವ. ಸೂಜಿಯಿಂದ ಹಾಕಿದರೆ ಇಂಥ ರೋಗಿಗಳು ಎದ್ದು ಕೂಡುತ್ತಾರೆ ಎಂದು ಹೇಳಿದರು. ಅಕ್ಕ ಒಪ್ಪುವುದಿಲ್ಲ ಎಂದ ಜಿನಗೊಂಡ. ಹಾಗಾದರೆ ಕೇಳಬೇಡ ಎಂದು ಡಾಕ್ಟರು ಮರಾಠಿಯಲ್ಲಿ ಸಹಜವಾಗಿ ಅಂದರು. ಅವನು ಕದಲದೆ ನಿಂತಿದ್ದನ್ನು ಕಂಡು, ಅವನಿಗೆ ಚೆನ್ನಾಗಿ ನಾಟಲಿ ಎಂದೋ ಏನೋ, ಕನ್ನಡಕ್ಕೆ ತಿರುಗಿದರು.

"ನಿಮ್ಮಕ್ಕ ಉಳೀಬೇಕೋ, ಆಕಿ ನೇಮ ಉಳೀಬೇಕೋ? ಎರಡರಾಗ ಒಂದು ಹೇಳು."

ಜಿನಗೊಂಡ ಸೀಸೆ ಎತ್ತಿಕೊಂಡ. ಬಿಸಿನೀರಿನಲ್ಲಿ ಸೀಸೆ ಅದ್ದಿ, ಮೇಲಿನ ಚೀಟಿ ನೆನೆದ ಮೇಲೆ ಹೆಬ್ಬೆರಳಿನಿಂದ ಉಜ್ಜಿ ತೆಗೆದ. ಅಕ್ಕನಿಗೆ ಶಕ್ತಿ ಸೂಜಿ ಎಂದು ಹೇಳಿದ. ದಿನ ಬಿಟ್ಟು ದಿನ ಹನ್ನೆರಡು ಸೂಜಿ ಹಾಕಿದ. ಬಾಯಿಂದ ಹೋಗಲಿಲ್ಲ, ನಾಲಿಗೆ ಮುಟ್ಟಲಿಲ್ಲ, ಆದ್ದರಿಂದ ತಿಂದ ಹಾಗಲ್ಲ ಎಂದು ತನಗೆ ತಾನೇ ಒಂದು ಶಾಸ್ತ್ರ ಮಾಡಿಕೊಂಡ. ತಿಂಗಳು ತುಂಬುವಷ್ಟರಲ್ಲಿ ಚಂಪಾಬಾಯಿ ಬಾವಿಯಿಂದ ನೀರು ಸೇದುತ್ತಿದ್ದಳು.

ಅಲ್ಲಿಗೆ ಮುಗಿದಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಚಂಪಾಬಾಯಿ ಸುಖವನ್ನು ಒಬ್ಬಳೇ ಇಟ್ಟುಕೊಳ್ಳುವವಳಲ್ಲ. ಬಸುರಿಯಾಗಿ ಬಿಳಿಚಿಕೊಂಡಿದ್ದ ನೆರೆಮನೆಯ ರಾಜಮತಿಯನ್ನು ತಾನೇ ಕೈಹಿಡಿದು ಕರೆತಂದಳು. ಆಮೇಲೆ ಅಕಿವಾಟದಿಂದ, ಸುಳಕೂಡದಿಂದ, ಬಸದಿಯಲ್ಲಿ ಪರಿಚಯವಾದ ಬಾಣಂತಿಯರು, ಸೋತ ಸೊಸೆಯರು ಬಂದರು. ನನ್ನ ತಮ್ಮನ ಕೈ ಎಂದು ಹೇಳಿ ಕಳಿಸುತ್ತಿದ್ದಳು. ಮೂರು ನಾಲ್ಕು ವರ್ಷಗಳಲ್ಲಿ ನಲವತ್ತು ಹೆಂಗಸರಾದರು. ಎಲ್ಲ ಬಾಟಲಿಗೂ ಪಟ್ಟಿ ಅಂಟಿಸಿದ್ದ ಆ ದವಾಖಾನೆಯಲ್ಲಿ ಒಂದು ಹಲಗೆಯ ಸೀಸೆಗಳು ಮಾತ್ರ ಬೋಳಾಗಿ ನಿಂತಿರುತ್ತಿದ್ದವು. ಮುಂದೆ ಪ್ರಾಣಿಯದಲ್ಲದ ಬೇರೆ ಔಷಧ ಪೇಟೆಗೆ ಬಂತು. ಹಲಗೆ ಖಾಲಿಯಾಯಿತು. ಮಾತು ಮುಗಿಯಿತು ಎಂದರು ಡಾಕ್ಟರು.

ಮುಗಿದಿರಲಿಲ್ಲ. ದೀಕ್ಷೆ ತೆಗೆದುಕೊಳ್ಳುವವರು ಅದಕ್ಕೆ ಮೊದಲು ಗುರುಗಳ ಮುಂದೆ ಕುಳಿತು ಹುಟ್ಟಿದಂದಿನಿಂದ ನಡೆದ ತಪ್ಪುಗಳನ್ನು ಹೇಳಿಕೊಳ್ಳಬೇಕು. ಚಂಪಾಬಾಯಿ ಆ ಮಳೆಗಾಲವೆಲ್ಲ ಕೂತಲ್ಲಿ ನಿಂತಲ್ಲಿ ತನ್ನ ತಪ್ಪುಗಳನ್ನು ಹುಡುಕುತ್ತಿದ್ದಳು. ತಮ್ಮನ ಹೆಂಡತಿಯ ಮೇಲೆ ಸಿಟ್ಟು ಮಾಡಿದ್ದು, ಇರುವೆಯ ಸಾಲಿನ ಮೇಲೆ ಕಾಲಿಟ್ಟಿದ್ದು, ಹನ್ನೊಂದು ವರ್ಷದವಳಿದ್ದಾಗ ಕದ್ದ ಬೋರೆಹಣ್ಣು. ಒಂದು ಮುಂಜಾನೆ ಜೋಳ ಹಸನು ಮಾಡುತ್ತ ತಮ್ಮನಿಗೆ ಹೇಳಿದಳು.

"ಸಿಟ್ಟು ಐತಿ, ಆಸೆ ಐತಿ, ಎಲ್ಲಾ ಐತಿ ನನ್ನ ಕಡೆ. ಹೊಟ್ಟಿ ಒಂದ ಸ್ವಚ್ಛ ಐತಿ ನೋಡೋ ತಮ್ಮಾ. ಅದೊಂದರದ ಧೈರ್ಯ ನನಗ."

ಅಂದಿನಿಂದ ಅವನಿಗೆ ಒಂದೆಡೆ ಕೂಡಲು ಆಗಲಿಲ್ಲ.

ಅದೇ ಓಣಿಯ ಅಭಯಕುಮಾರ ಕೊಲ್ಲಾಪುರದಲ್ಲಿ ಹೊಸದಾಗಿ ಶುರುವಾದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನೌಕರಿ ಮಾಡುತ್ತಿದ್ದ. ತಿಂಗಳಿಗೊಂದು ಭಾನುವಾರ ಅಲ್ಲಿ ಊರ ಜನರನ್ನು ಕೂಡಿಸಿ ಏನಾದರೊಂದನ್ನು ಗಟ್ಟಿಯಾಗಿ ಓದಿಸಿ ಮಾತಾಡಿಸುವ ಹುಚ್ಚು ಅವನದು. ಆ ವರ್ಷ ವೈದ್ಯರ ಧರ್ಮ ಯಾವುದು ಎಂಬ ವಿಷಯ ಹಿಡಿದಿದ್ದ. ಬೇರೆ ಬೇರೆ ಪುಸ್ತಕಗಳಿಂದ ಸಾರ ತೆಗೆದು ಮರಾಠಿಯಲ್ಲಿ ತಾನೇ ಹಾಳೆ ಬರೆಯುತ್ತಿದ್ದ. ಬರುವವರೆಲ್ಲ ರೋಗಿಗಳೇ, ಔಷಧ ಕೊಡುವ ಕಡೆಯವರು ಒಬ್ಬರಾದರೂ ಬೇಕು ಕಾಕಾ ಎಂದು ಜಿನಗೊಂಡನನ್ನು ಎರಡು ಸಲ ಕರೆದಿದ್ದ. ಮೂರನೆಯ ಸಲ ಜಿನಗೊಂಡ ತಾನಾಗಿ ಬಸ್ಸು ಹತ್ತಿದ.

ಬಸ್ಸಿನಲ್ಲಿ ಎರಡು ಸಲ ಜಾಗ ಬದಲಿಸಿದ. ಇಳಿದ ಮೇಲೆ ಗುಡ್ಡದ ದಾರಿಯಲ್ಲಿ ಎರಡು ಸಲ ನಿಂತು ಹಿಂದಕ್ಕೆ ನೋಡಿದ. ಗ್ರಂಥಾಲಯದ ಕೋಣೆಯಲ್ಲಿ ಇನ್ನೂ ಸುಣ್ಣದ ವಾಸನೆ ಇತ್ತು. ಬಿಚ್ಚದ ಪುಸ್ತಕದ ಪೆಟ್ಟಿಗೆಗಳನ್ನು ಗೋಡೆಗೆ ಒಟ್ಟಿದ್ದರು. ಉದ್ದ ಮೇಜಿನ ಸುತ್ತ ಹದಿನೈದು ಜನ. ಅವರಲ್ಲಿ ಇಬ್ಬರು ಹೆಚ್ಚು ಮಾತಿನವರು. ಒಬ್ಬರು ವಕೀಲಿಕೆ ಬಿಟ್ಟು ವಿಶ್ರಾಂತಿಯಲ್ಲಿದ್ದ ರಾವಸಾಹೇಬ. ಇನ್ನೊಬ್ಬರು ಗಡಹಿಂಗ್ಲಜದಿಂದ ಮುಂಜಾನೆಯ ಗಾಡಿಗೆ ಬರುತ್ತಿದ್ದ ಸುಶೀಲಾಬಾಯಿ. ಮೂವತ್ತು ವರ್ಷ ಸೂಲಗಿತ್ತಿ ನರ್ಸು ಆಗಿದ್ದವರು, ನಾಲಿಗೆಗೆ ಬೀಗ ಇಲ್ಲದವರು.

ಅಭಯಕುಮಾರ ಓದಿದ. ರೋಗಿಯ ಒಳ್ಳೆಯದಕ್ಕಾಗಿ ವೈದ್ಯ ಅವನಿಂದ ಏನನ್ನಾದರೂ ಮುಚ್ಚಿಡಬಹುದೇ ಎಂಬಲ್ಲಿಗೆ ಬಂದು ಹಾಳೆ ಕೆಳಗಿಟ್ಟ. ಜಿನಗೊಂಡ ಅದೇ ಹಾಳೆಯ ತನ್ನ ಪ್ರತಿಯನ್ನು ಉದ್ದಕ್ಕೆ ಮಡಚುತ್ತಿದ್ದ, ಬಿಚ್ಚುತ್ತಿದ್ದ, ಕುರ್ಚಿಯ ತುದಿಗೆ ಸರಿಯುತ್ತಿದ್ದ. ಸುಶೀಲಾಬಾಯಿ ನೋಡಿದರು.

"ಅಭಯಕುಮಾರ, ಕಂಪೌಂಡರ್ ಸಾಹೇಬ್ರ ಕುರ್ಚಿಗೆ ಮುಳ್ಳ ಇಟ್ಟೀಯೇನಪಾ? ಬ್ಯಾರೆ ಕುರ್ಚಿ ಕೊಡು ಅವರಿಗೆ."

ಜನ ನಕ್ಕರು. ಆ ನಗುವಿನಲ್ಲಿ ಜಿನಗೊಂಡ ಬಾಯಿ ತೆರೆದ. ನಮ್ಮ ಕಡೆ ಒಬ್ಬ ಕಂಪೌಂಡರ್ ಇದ್ದಾನೆ ಎಂದು ಶುರು ಮಾಡಿದ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ, ಅಕ್ಕ ಎನ್ನದೆ ಒಬ್ಬ ಹೆಂಗಸು ಎಂದ. ಉಳಿದದ್ದನ್ನೆಲ್ಲ ಹೇಳಿದ. ಬಿಸಿನೀರಿನಲ್ಲಿ ಚೀಟಿ ನೆನೆಸಿದ್ದನ್ನೂ ಹೇಳಿದ.

ರಾವಸಾಹೇಬರು ಕೂಡಲೇ ತೀರ್ಪು ಕೊಟ್ಟರು. ಆಜ್ಞೆ ಡಾಕ್ಟರದು, ಕಂಪೌಂಡರ್ ಕೈ ಮಾತ್ರ, ಕೈಗೆ ಶಿಕ್ಷೆ ಇಲ್ಲ. ಮೇಲಾಗಿ ಹೆಂಗಸು ಬದುಕಿದ್ದಾಳೆ, ಸಾಕ್ಷಿಯೇ ಆರೋಪಿಯ ಪರ ಇದ್ದ ಹಾಗೆ. ಇನ್ನೊಬ್ಬರು, ಸೂಜಿಯಿಂದ ಹೋದದ್ದು ಆಹಾರವಲ್ಲ ಎಂದರು. ಜಿನಗೊಂಡ ತಲೆ ಅಲ್ಲಾಡಿಸಿದ. ಎಂಟು ವರ್ಷದಿಂದ ಅವನು ತನಗೆ ಹೇಳಿಕೊಂಡಿದ್ದ ಮಾತುಗಳೇ ಇವೆಲ್ಲ. ಬೇರೆಯವರ ಬಾಯಿಂದ ಕೇಳಿದಾಗ ಹಗುರಾಗಬಹುದು ಎಂದುಕೊಂಡು ಬಂದಿದ್ದ. ಹಗುರಾಗಲಿಲ್ಲ.

ಸುಶೀಲಾಬಾಯಿ ತಾನೂ ಸುಳ್ಳು ಹೇಳಿದ್ದೇನೆ ಎಂದರು. ಹೆರಿಗೆಯಲ್ಲಿ ಕೂಸು ಸತ್ತಿದ್ದನ್ನು ತಾಯಿಗೆ ಜ್ವರ ಇಳಿಯುವವರೆಗೆ ಹೇಳಿರಲಿಲ್ಲ. ಇಳಿದ ದಿನ ಹೇಳಿದರು. ಆಕೆ ಇವರ ಕೈಯನ್ನು ಗಾಯವಾಗುವಂತೆ ಕಚ್ಚಿದಳು.

"ಸಾಯಾಕತ್ತಾಕಿಗೆ ಕೇಳಾಕ ಆಗಲಿಲ್ಲ, ಅದನ್ನ ನಾ ಒಪ್ಪತೇನಿ," ಎಂದರು. "ಆಕಿ ಎದ್ದ ಕುಂತ್ಲಲ್ರಿ. ನೀರ ಸೇದಿದ್ಲು, ನಕ್ಕಳು, ಉಂಡ್ಲು. ಆವಾಗ ಯಾಕ ಹೇಳಲಿಲ್ಲ ಅಂವ?"

ಜಿನಗೊಂಡ ಎದ್ದು ಕಿಟಕಿಯ ಹತ್ತಿರ ಹೋದ, ತಿರುಗಿ ಬಂದ. ಆಕೆ ಮುಖ ತಿರುಗಿಸಿಯಾಳು ಎಂದು ಆ ಕಂಪೌಂಡರನಿಗೆ ಹೆದರಿಕೆ ಇರಬೇಕು ಎಂದಷ್ಟೇ ಹೇಳಿದ.

"ಅಂದ್ರ ಸೂಜಿ ಆಕಿ ಜೀವಕ್ಕ, ಸುಳ್ಳು ತನ್ನ ಜೀವಕ್ಕ," ಎಂದರು ಸುಶೀಲಾಬಾಯಿ.

ಮರುದಿನ ಅವನು ಡಾಕ್ಟರಿಗೆ ವಿಷಯ ತಿಳಿಸಿದ. ಅಕ್ಕನಿಗೆ ಹೇಳುತ್ತೇನೆ ಎಂದ. ಆಬಾಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬದುಕಿದ ಮನುಷ್ಯಳಿಗೆ ಹಳೆಯ ರೋಗ ಮತ್ತೆ ಹಚ್ಚಬೇಡ ಎಂದರು. ಹೇಳುವುದೇ ಆದರೆ ನನ್ನ ಹೆಸರನ್ನೂ ಬಿಡದೆ ಹೇಳು ಎಂದು ಸ್ವಲ್ಪ ಹೊತ್ತಿನ ಮೇಲೆ ಸೇರಿಸಿದರು.

ಆದರೂ ಹೇಳಲು ಮೂರು ವಾರ ಹಿಡಿಯಿತು. ಪರ್ಯೂಷಣದ ಹತ್ತು ದಿನ ಬಂದವು, ಹೋದವು. ಹಬ್ಬ ಮುಗಿದ ಮೇಲೆ ಜೈನರ ಮನೆಗಳಲ್ಲಿ ಕ್ಷಮೆ ಕೇಳುವ ದಿನವಿರುತ್ತದೆ. ತಿಳಿದು ತಿಳಿಯದೆ ಆದ ತಪ್ಪುಗಳಿಗೆ ಕ್ಷಮೆ ಇರಲಿ ಎಂದು ಒಬ್ಬರ ಮನೆಗೆ ಒಬ್ಬರು ಹೋಗಿ ಕೈಮುಗಿಯುತ್ತಾರೆ. ಪ್ರತಿ ವರ್ಷ ಜಿನಗೊಂಡ ಅಕ್ಕನಿಗೆ ಮೊದಲು ಕೈಮುಗಿಯುತ್ತಿದ್ದ. ತಪ್ಪಿನ ಹೆಸರು ಹೇಳುವ ಪದ್ಧತಿ ಇಲ್ಲ. ಆ ಒಟ್ಟು ಮಾತಿನ ಮರೆಯಲ್ಲಿ ಎಂಟು ವರ್ಷ ಅಡಗಿದ್ದ.

ಆ ದಿನ ಮುಂಜಾನೆ ಚಂಪಾಬಾಯಿ ಬಾವಿಕಟ್ಟೆಯ ಮೇಲೆ ನೀರು ಸೋಸುತ್ತಿದ್ದಳು. ಜಿನಗೊಂಡ ಹೋಗಿ ಕೈಮುಗಿದ. ಅವಳೂ ಒದ್ದೆ ಕೈಯಲ್ಲೇ ಮುಗಿದಳು. ಅವನು ಕೈ ಇಳಿಸಲಿಲ್ಲ.

"ತಿಳಿದ ಮಾಡಿದ್ದು ಒಂದ ಐತಿ, ಅಕ್ಕಾ," ಎಂದ.

ಹೇಳಿದ. ಸೀಸೆ, ಚೀಟಿ, ಡಾಕ್ಟರು, ಹನ್ನೆರಡು ಸೂಜಿ. ಅವಳು ಬಟ್ಟೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ತೊಳೆದ ನೀರನ್ನು ತಂಬಿಗೆಗೆ ಹಿಂಡಿದಳು, ಹಗ್ಗ ಕಟ್ಟಿದಳು, ಬಾವಿಗೆ ಇಳಿಸಿದಳು. ತಂಬಿಗೆ ನೀರು ಮುಟ್ಟುವವರೆಗೆ ಬಗ್ಗಿ ನೋಡುತ್ತಿದ್ದಳು. ಅದನ್ನು ಬಗ್ಗಿಸಿ, ಖಾಲಿ ತಂಬಿಗೆ ಮೇಲೆ ಎಳೆದುಕೊಂಡ ಮೇಲೆಯೇ ಮಾತಾಡಿದಳು.

"ಯಾವ ಜೀವದ್ದು?"

ಅವನಿಗೆ ಗೊತ್ತಿರಲಿಲ್ಲ. ಚೀಟಿ ಕೀಳುವ ಅವಸರದಲ್ಲಿ ಅದನ್ನು ಪೂರ್ತಿ ಓದಿರಲೇ ಇಲ್ಲ.

"ಕೇಳಿದ್ರ ನಾ ಬ್ಯಾಡ ಅಂತಿದ್ದೆ."

"ಹೌದು."

"ಸತ್ತ ಹೋಗ್ತಿದ್ದೆ."

"ಹೌದಕ್ಕಾ."

"ನಾ ಸಾಯೂದು ನಿನಗ ಬ್ಯಾಡಾಗಿತ್ತು. ಅದು ಖರೆ." ಅವಳು ಸೋಸಿದ ನೀರಿನ ಕೊಡವನ್ನು ಸೊಂಟಕ್ಕೆ ಎತ್ತಿಕೊಂಡಳು. "ಆದ್ರ ಮೈ ನಂದಿತ್ತಲ್ಲೋ, ತಮ್ಮಾ."

ಅಷ್ಟೇ. ಮನೆಯೊಳಗೆ ಹೋದಳು. ಬೈಯಲಿಲ್ಲ, ಅಳಲಿಲ್ಲ. ಮರುದಿನ ಒಬ್ಬಳೇ ಗುರುಗಳಿದ್ದಲ್ಲಿಗೆ ಹೋಗಿ ಬಂದಳು. ದೀಕ್ಷೆ ಒಂದು ವರ್ಷ ಮುಂದೆ ಹೋಯಿತು. ತಿಂಗಳಿಗೊಂದರಂತೆ ಹನ್ನೆರಡು ಉಪವಾಸ ಅವಳ ಪ್ರಾಯಶ್ಚಿತ್ತ.

ಹೇಳಿದ ಮೇಲೆ ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದ ಜಿನಗೊಂಡನಿಗೆ ಆದದ್ದು ಬೇರೆ. ದೀಕ್ಷೆ ಯಾಕೆ ನಿಂತಿತು ಎಂದು ಓಣಿ ಕೇಳತೊಡಗಿತು. ಖರೆ ಹೇಳಿದರೆ ತಮ್ಮನ ಮನೆ ಮುಂದೆ ನಲವತ್ತು ಮನೆಯ ಜನ ಬಂದು ನಿಲ್ಲುತ್ತಾರೆ. ಸುಳ್ಳು ಅವಳ ಬಾಯಲ್ಲಿ ಬರುವಂಥದ್ದಲ್ಲ. ಚಂಪಾಬಾಯಿ ಸುಮ್ಮನಾದಳು. ಸುಮ್ಮನಿದ್ದವರ ಮೇಲೆ ಜನ ಏನು ಬೇಕಾದರೂ ಹೇಳುತ್ತಾರೆ. ಉಪವಾಸಕ್ಕೆ ಹೆದರಿದಳು ಎಂದರು. ತಮ್ಮನ ಮಗಳ ಮದುವೆಯ ಹೋಳಿಗೆ ಉಂಡು ಹೋಗಬೇಕಂತೆ ಎಂದರು. ಒಂದು ದಿನ ಜಿನಗೊಂಡ ಕಿಟಕಿಯಲ್ಲಿ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಬಾವಿಕಟ್ಟೆಯಿಂದ ರಾಜಮತಿಯ ದನಿ ಕೇಳಿತು. ದೀಕ್ಷೆ ಪಡೆದವರು ಕೈಯಲ್ಲಿ ಹಿಡಿಯುವ ನವಿಲುಗರಿಯ ಪಿಂಛಿಯ ಮಾತದು.

"ಯಾಕ ಚಂಪಕ್ಕಾ, ನವಿಲುಗರಿ ಭಾಳ ಭಾರ ಆತೇನ?"

ನಾಲ್ಕು ಹೆಂಗಸರು ನಕ್ಕರು. ಚಂಪಾಬಾಯಿ ಹಗ್ಗ ಸುತ್ತಿ, ಕೊಡ ಎತ್ತಿಕೊಂಡು ಅವರ ನಡುವಿನಿಂದ ಹಾದು ಬಂದಳು. ಜಿನಗೊಂಡ ಅರ್ಧ ಗಡ್ಡದಲ್ಲಿ ನಿಂತಿದ್ದ. ಎಂಟು ವರ್ಷ ತಾನು ಮುಚ್ಚಿಟ್ಟಿದ್ದನ್ನು ಈಗ ಅವಳು ಮುಚ್ಚಿಡುತ್ತಿದ್ದಾಳೆ. ಅವಳಿಗೆ ಹೇಳಿ ಅವನು ಮಾಡಿದ್ದು ಇಷ್ಟೇ.

ಅಂದು ಮಧ್ಯಾಹ್ನ ಅವನು ರಾಜಮತಿಯ ಮನೆಗೆ ಹೋದ. ಅವಳು ಕಟ್ಟೆಯ ಮೇಲೆ ತೊಗರಿ ಕೇರುತ್ತಿದ್ದಳು. ಅವಳ ಮಗಳು, ಏಳು ವರ್ಷದವಳು, ಅಂಗಳದಲ್ಲಿ ಕುಂಟಾಟ ಆಡುತ್ತಿದ್ದಳು. ಅವನು ನಿಂತೇ ಎಲ್ಲವನ್ನೂ ಹೇಳಿದ. ಅಕ್ಕನಿಗೆ ಏನೂ ಗೊತ್ತಿರಲಿಲ್ಲ ಎಂಬುದನ್ನು ಎರಡು ಸಲ ಹೇಳಿದ. ಮೊರ ನಿಂತಿತು. ರಾಜಮತಿ ಮಗಳ ಕಡೆ ನೋಡಿದಳು.

"ಆವಾಗ ಈಕಿ ಹೊಟ್ಟ್ಯಾಗಿದ್ಲು," ಎಂದಳು.

"ಹೌದ್ರಿ."

ಅವಳು ಮೊರ ಎತ್ತಿಕೊಂಡು, ಮಗಳನ್ನು ಕರೆದು, ಒಳಗೆ ಹೋಗಿ ಬಾಗಿಲು ಹಾಕಿದಳು. ಮರುದಿನ ಬಾವಿಕಟ್ಟೆಯಲ್ಲಿ ಚಂಪಾಬಾಯಿ ಬಟ್ಟೆ ಹಿಂಡಿ ತಂಬಿಗೆಗೆ ಹಗ್ಗ ಕಟ್ಟಿದಾಗ ರಾಜಮತಿ ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡು, ತಾನೇ ಬಗ್ಗಿ, ಮೆಲ್ಲಗೆ ಬಾವಿಗೆ ಇಳಿಸಿದಳು. ಜಿನಗೊಂಡ ಮತ್ತು ಅವನ ಹೆಂಡತಿಯೊಂದಿಗೆ ಮಾತ್ರ ಎರಡು ವರ್ಷ ಮಾತು ಬಿಟ್ಟಳು.

ಅಲ್ಲಿಂದ ಅವನ ತಿರುಗಾಟ ಶುರುವಾಯಿತು. ಭಾನುವಾರ ಒಂದು ಊರು, ಬಿಡುವಿನ ಮಧ್ಯಾಹ್ನ ಒಂದು ಮನೆ. ಅಕಿವಾಟದಲ್ಲಿ ಒಬ್ಬಳ ಗಂಡ ಅವನ ಟೋಪಿ ಕಿತ್ತು ಗಟಾರಿಗೆ ಎಸೆದ. ಸುಳಕೂಡದ ಒಬ್ಬ ಸೊಸೆ, ವಾಸನೆಯಿಂದಲೇ ತನಗೆ ಸಂಶಯ ಬಂದಿತ್ತು, ಬದುಕುವ ಆಸೆಗೆ ಕೇಳಲಿಲ್ಲ, ದಯವಿಟ್ಟು ಅತ್ತೆಗೆ ಹೇಳಬೇಡಿ ಎಂದು ಬೇಡಿದಳು. ಅತ್ತೆಗೆ ಹೇಳಬೇಕೋ ಬೇಡವೋ ಎಂದು ಅವನು ಬಸ್ಸಿನುದ್ದಕ್ಕೂ ಒದ್ದಾಡಿ, ಮೈ ಆಕೆಯದು ಎಂದು ನೆನೆದು, ಬಿಟ್ಟ. ಒಬ್ಬಾಕೆ ಸತ್ತು ನಾಲ್ಕು ವರ್ಷವಾಗಿತ್ತು. ಮಗನ ಮುಂದೆ ಚಹ ಕುಡಿದು, ಏನೂ ಹೇಳದೆ ಎದ್ದು ಬಂದ. ಅದು ಸರಿಯೋ ತಪ್ಪೋ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಚಳಿಗಾಲದಲ್ಲಿ ಒಮ್ಮೆ ಗ್ರಂಥಾಲಯದ ಓದಿಗೆ ಹೋದಾಗ ಸುಶೀಲಾಬಾಯಿ ತಮ್ಮ ಪಕ್ಕದ ಕುರ್ಚಿ ಎಳೆದು ಕೊಟ್ಟರು.

"ನಿಮ್ಮ ಕಡೆ ಒಬ್ಬ ಕಂಪೌಂಡರ್ ಇದ್ದನಲ್ರಿ, ಅಂವ ಏನ ಮಾಡಾಕತ್ತಾನ?"

"ಮನಿ ಮನಿ ಅಡ್ಡಾಡಾಕತ್ತಾನ್ರಿ."

"ಕಚ್ಚಿದ್ರೇನು ಯಾರರೆ?"

"ಕಚ್ಯಾರ್ರಿ."

ಸುಶೀಲಾಬಾಯಿ ತಮ್ಮ ಕೈಯ ಹಳೆಯ ಗಾಯದ ಗುರುತನ್ನು ತೋರಿಸಿ, ಮೇಜಿನ ಮೇಲಿನ ಹಾಳೆಯನ್ನು ಅವನ ಮುಂದೆ ಸರಿಸಿದರು.

ದವಾಖಾನೆಗೆ ಬರುವ ಜೈನ ಹೆಂಗಸರು ಕಡಿಮೆಯಾದರು. ಆಬಾಸಾಹೇಬರು ಅವನನ್ನು ತೆಗೆದುಹಾಕಲಿಲ್ಲ. ಆದರೆ ಸೂಜಿ ತುಂಬುವ ಮೊದಲು ಜಿನಗೊಂಡ ಇದು ಇಂಥದ್ದು, ಇದರಲ್ಲಿ ಇಂಥದ್ದಿದೆ, ಹಾಕಲೇ ಎಂದು ಕೇಳಿ ಕಾಯುವುದನ್ನು ಅವರು ಬೇಸರದಿಂದ ನೋಡುತ್ತಿದ್ದರು. ಸಾಲು ಉದ್ದವಾಗುತ್ತಿತ್ತು. ಹಾಕಿ ಮುಗಸ್ರಿ, ಸಂತಿಗೆ ಹೋಗಬೇಕು ಎಂದು ರೋಗಿಗಳೇ ರೇಗುತ್ತಿದ್ದರು.

೧೯೬೭ರ ಕಾರ್ತಿಕದಲ್ಲಿ ಚಂಪಾಬಾಯಿಯ ಹನ್ನೆರಡನೆಯ ಉಪವಾಸ ಮುಗಿದಿತ್ತು. ಬಸದಿಯ ಮುಂದೆ ಮಂಟಪ ಹಾಕಿದ್ದರು. ದೀಕ್ಷೆಗೆ ಮೊದಲು ಮನೆಯವರ, ಸಮಾಜದವರ ಒಪ್ಪಿಗೆ ಕೇಳುವ ವಾಡಿಕೆಯಿದೆ. ಚಂಪಾಬಾಯಿ ಎದ್ದು ನಿಂತು ಎಲ್ಲರಿಗೂ ಕೈಮುಗಿದು ಕೇಳಿದಳು. ಮಂಟಪವೆಲ್ಲ ಒಂದೇ ದನಿಯಲ್ಲಿ ಜಯಕಾರ ಹಾಕಿತು. ಜಿನಗೊಂಡನೂ ಎಲ್ಲರೊಂದಿಗೆ ಕೂಗಿದ. ಅವಳು ಕೂರಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಅವನ ಮುಂದೆ ಬಂದು ನಿಂತಳು.

"ನಿನ್ನ ಒಪ್ಪಿಗಿ ಐತೇನು, ತಮ್ಮಾ?"

ಈಗಷ್ಟೇ ಕೂಗಿದೆನಲ್ಲ ಎಂಬಂತೆ ಅವನು ತಲೆ ಆಡಿಸಿದ.

"ಗದ್ದಲದಾಗ ಕೇಳಿಸಲಿಲ್ಲ. ಕೇಳಾಕತ್ತೇನಿ, ಹೇಳು."

ತಾನು ಒಲ್ಲೆ ಎಂದರೆ ದೀಕ್ಷೆ ನಿಲ್ಲುತ್ತದೆ ಎಂಬುದು ಅವನಿಗೆ ಆಗ ಹೊಳೆಯಿತು. ನಾಳೆಯಿಂದ ಬಾವಿಕಟ್ಟೆಯಲ್ಲಿ ಅವಳಿರುವುದಿಲ್ಲ. ಅವಳಿಗೆ ಜ್ವರ ಬಂದರೆ ಅವನಿಗೆ ತಿಳಿಯುವುದಿಲ್ಲ. ತಿಳಿದರೂ ಅವನ ಔಷಧ ಅವಳಿಗೆ ನಡೆಯುವುದಿಲ್ಲ. ಬೇಡ ಎಂದುಬಿಡಬೇಕು ಎನಿಸಿತು. ಅದನ್ನು ಚಂಪಾಬಾಯಿ ಅವನ ಮುಖದಲ್ಲಿ ಕಂಡಳು. ಆದರೂ ಅವಸರ ಮಾಡಲಿಲ್ಲ. ಸಮಾಧಾನ ಹೇಳಲಿಲ್ಲ. ಕೈಮುಗಿದು, ಅವನ ಉತ್ತರ ಯಾವುದಾದರೂ ಆಗಬಹುದು ಎಂಬ ಹಾಗೆ, ಸುಮ್ಮನೆ ಕಾಯ್ದಳು. ಹಿಂದಿನಿಂದ ಯಾರೋ ಮುಹೂರ್ತ ಎಂದರು. ಅವಳು ತಿರುಗಿ ನೋಡಲಿಲ್ಲ.

ಜಿನಗೊಂಡನ ಎರಡೂ ಕೈ ಬರಿದಾಗಿದ್ದವು. ಮಡಚಲು ಏನೂ ಇರಲಿಲ್ಲ.

"ಐತಿ, ಅಕ್ಕಾ," ಎಂದ.

ದೀಕ್ಷೆ ಪಡೆದವರಿಗೆ ಮನೆಯ ನಂಟು ಉಳಿಯುವುದಿಲ್ಲ; ಅಕ್ಕಾ ಎಂದು ಅವನು ಅವಳನ್ನು ಕರೆದದ್ದು ಅದೇ ಕೊನೆ.